ಕಾಣೆಯಾದ ಇಪ್ಪತ್ತೊಂಬತ್ತು ತಿಂಗಳು

2025ರ ನವೆಂಬರ್ 24, ಸೋಮವಾರ. ಮಧ್ಯಾಹ್ನ 12-20ಕ್ಕೆ 112ಕ್ಕೆ ಬಂದ ಕರೆಯೊಂದು ಸೋಲದೇವನಹಳ್ಳಿ ಠಾಣೆಗೆ ತಲುಪಿತು. ಕರೆ ಮಾಡಿದವನ ಹೆಸರು ನಂದಕುಮಾರ್, ವಯಸ್ಸು 46. ಹೆಸರಘಟ್ಟ ರಸ್ತೆಯ ಹಿಂದಿನ ಬೀದಿಯಲ್ಲಿ ಶಾಲಾ ಮಕ್ಕಳ ಬಟ್ಟೆ ಹೊಲಿಯುವ 'ನಂದಾ ಯೂನಿಫಾರ್ಮ್ಸ್' ಅವನದು. ಬಟ್ಟೆ ಕತ್ತರಿಸುವ ತನ್ನ ಕಟಿಂಗ್ ಮಾಸ್ಟರ್ ತನ್ನನ್ನು ಆಫೀಸಿನೊಳಗೆ ಕೂಡಿಹಾಕಿ ಹೊರಗಿನಿಂದ ಬೀಗ ಹಾಕಿದ್ದಾನೆ, ಗಂಟೆಯಾಯಿತು, ಬೇಗ ಬನ್ನಿ ಎಂದು ಅವನು ಕೂಗಾಡಿದ್ದ.

ಸಬ್ ಇನ್ಸ್‌ಪೆಕ್ಟರ್ ಪ್ರತಿಭಾ ಮತ್ತು ಹೆಡ್ ಕಾನ್‌ಸ್ಟೇಬಲ್ ಅಕ್ಬರ್ ಪಾಷಾ 12-45ಕ್ಕೆ ಸ್ಥಳ ತಲುಪಿದರು. ಶೀಟು ಹೊದಿಸಿದ ಉದ್ದನೆಯ ಶೆಡ್. ಹೊಲಿಗೆ ಯಂತ್ರಗಳೆಲ್ಲ ನಿಂತಿದ್ದವು. ಮೂವತ್ತು ನಲವತ್ತು ಹೆಂಗಸರು ಗೋಡೆಗೊರಗಿ ನಿಂತಿದ್ದರು. ಕೊನೆಯಲ್ಲಿದ್ದ ಆಫೀಸು ಕೋಣೆಯ ಶಟರ್ ಕೆಳಗಿಳಿದಿತ್ತು. ಅದರ ಮುಂದೆ ಸ್ಟೂಲಿನ ಮೇಲೆ ನರೆಗೂದಲಿನ ಸಣಕಲು ಮನುಷ್ಯನೊಬ್ಬ ಕೂತಿದ್ದ. ಕೀಲಿ ಅವನ ಮುಷ್ಟಿಯಲ್ಲಿತ್ತು.

"ನಿಮ್ಮ ಹೆಸರು?"

"ಮುನಿಶಾಮಿ, ತಾಯಿ."

"ಬೀಗ ತೆಗೀರಿ ಯಜಮಾನ್ರೆ."

"ತೆಗೀತೀನಿ. ಮೊದ್ಲು ನನ್ ಪಿಂಚಣಿ ಏನಾಯ್ತು ಅಂತ ಒಳಗಿರೋರನ್ನ ಕೇಳಿ."

"ಯಾವ ಪಿಂಚಣಿ?"

"ಪಿಎಫ್‌ದು. ಅತ್ತು ವರ್ಸ ದುಡ್ಡು ಕಟ್ಟಿದ್ರೆ ಐವತ್ತೆಂಟಕ್ಕೆ ಪಿಂಚಣಿ. ನಾನು ಈ ಶೆಡ್ಡಿಗೆ ಬಂದು ಅತ್ತು ವರ್ಸ ಎಂಟು ತಿಂಗ್ಳಾಯ್ತು. ಓದ ವಾರ ಐವತ್ತೆಂಟು ತುಂಬ್ತು. ಪಿಎಫ್ ಆಫೀಸ್ನಾಗೆ ನೋಡಿದ್ರೆ ಎಂಟು ವರ್ಸ ಮೂರು ತಿಂಗ್ಳು ಮಾತ್ರ ಐತಂತೆ. ಉಳಿದದ್ದು ಎಲ್ಲೋಯ್ತು? ತಿಂಗ್ಳು ತಿಂಗ್ಳು ಸಂಬಳದಾಗೆ ಇಡ್ಕೊಂಡವ್ರೆ."

"ಎಷ್ಟು ಬರ್ತಿತ್ತು ಪಿಂಚಣಿ?"

"ತಿಂಗ್ಳಿಗೆ ಎಲ್ಡ್ ಸಾವ್ರದ ಇನ್ನೂರು ಅಂದ್ರು. ನಮ್ಮನೆಯವ್ಳಿಗೆ ಸಕ್ಕರೆ ಕಾಯ್ಲೆ. ಸೂಜಿಗಾಗ್ತಿತ್ತು."

ಎರಡು ಸಾವಿರದ ಇನ್ನೂರಕ್ಕೆ ಒಬ್ಬ ಮುದುಕ ಜೈಲಿಗೆ ಹೋಗುವಂಥ ಕೆಲಸ ಮಾಡಿ ಕೂತಿದ್ದಾನೆ. ಪ್ರತಿಭಾಗೆ ಗದರಿಸಬೇಕೆನಿಸಲಿಲ್ಲ. ಸ್ಟೂಲಿನ ಎದುರು ಕುಕ್ಕರಗಾಲಿನಲ್ಲಿ ಕೂತು, "ನಾನು ಕೇಳ್ತೀನಿ. ಈ ಕೆಲಸ ನಂದು. ಕೀಲಿ ಕೊಡಿ," ಎಂದಳು.

ಮುನಿಶಾಮಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮುಷ್ಟಿ ಬಿಚ್ಚಿದ.

ಹೊರಗೆ ಬಂದ ನಂದಕುಮಾರ್ ಬೆವರಿ ತೊಪ್ಪೆಯಾಗಿದ್ದ. "ಎಫ್‌ಐಆರ್ ಹಾಕಿ ಮೇಡಂ. ಇವತ್ತು ಇವ್ರನ್ನ ಬಿಟ್ರೆ ನಾಳೆ ಎಲ್ಲರೂ ಬೀಗ ಹಾಕ್ತಾರೆ."

"ಪಿಎಫ್ ಕಟ್ಟಿದ್ದೀರಾ?"

"ರಸೀದಿ ಇದೆ. ಪ್ರತಿ ತಿಂಗಳೂ ಬೋರ್ಡಿಗೆ ಅಂಟಿಸ್ತೀನಿ. ಅವ್ರಿಗೆ ಓದೋಕೆ ಬರಲ್ಲ, ಯಾರೋ ತಲೆಕೆಡಿಸಿದ್ದಾರೆ."

ಮಧ್ಯಾಹ್ನ 2-10ಕ್ಕೆ ಅಕ್ರಮ ಬಂಧನದ ಆರೋಪದ ಮೇಲೆ ಮುನಿಶಾಮಿಯ ವಿರುದ್ಧ ಎಫ್‌ಐಆರ್ ದಾಖಲಾಯಿತು. ಜಾಮೀನು ಸಿಗುವ ಅಪರಾಧ. ಸಂಜೆ ಠಾಣೆಯಲ್ಲೇ ಬಿಡುಗಡೆ. ಜಾಮೀನಿಗೆ ಸಹಿ ಹಾಕಲು ಬಂದವಳು ಅದೇ ಶೆಡ್ಡಿನ ಟೈಲರ್ ಧನಲಕ್ಷ್ಮಿ. ನಲವತ್ತರ ಆಸುಪಾಸಿನ ಹೆಂಗಸು. ಸಹಿ ಹಾಕಿದ ಮೇಲೂ ಹೊರಡದೆ ಮೇಜಿನ ಹತ್ತಿರವೇ ನಿಂತಳು.

"ಇನ್ನೇನಮ್ಮ?"

"ಮೇಡಂ, ಬೋರ್ಡಿಗೆ ರಸೀದಿ ಅಂಟಿಸೋಕೆ ಶುರು ಮಾಡಿದಾಗಿಂದ ನಾನು ಪ್ರತಿ ತಿಂಗಳೂ ಫೋಟೋ ಹೊಡ್ಕೊಂಡಿದ್ದೀನಿ. ನಮ್ಮ ಫೋನಿಗೆ ಪಿಎಫ್ ಮೆಸೇಜ್ ಬರಲ್ಲ. ಎಲ್ಲರದಕ್ಕೂ ಆಫೀಸ್ ನಂಬರೇ ಕೊಟ್ಟವ್ರೆ. ಅದಕ್ಕೇ ಹೊಡ್ಕೊಂಡೆ. ನೋಡ್ತೀರಾ?"

ಆ ಸಂಜೆ ಪ್ರತಿಭಾ ಮತ್ತು ಪಾಷಾ ಇಪ್ಪತ್ತೊಂಬತ್ತು ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದರು. 2023ರ ಜೂನ್‌ನಿಂದ 2025ರ ಅಕ್ಟೋಬರ್‌ವರೆಗೆ. ಮೊದಲು ಕಣ್ಣಿಗೆ ಬಿದ್ದದ್ದು ಪಾಷಾಗೆ.

"ಮೇಡಂ, ಎಲ್ಲದರಲ್ಲೂ ಕೆಲಸಗಾರರು ಮೂವತ್ತೆಂಟು ಜನ ಅಂತಿದೆ. ಕಳೆದ ವರ್ಷ ಆರು ಜನ ಹೊಸಬರು ಸೇರಿದ್ರು ಅಂತ ಈಗಷ್ಟೇ ಧನಲಕ್ಷ್ಮಿ ಹೇಳಿದ್ಲಲ್ಲ?"

ತಿಂಗಳು ಬೇರೆ, ತಾರೀಕು ಬೇರೆ. ತಲೆ ಎಣಿಕೆ ಒಂದೇ, ಬ್ಯಾಂಕಿನ ವ್ಯವಹಾರ ಸಂಖ್ಯೆಯ ಮೊದಲ ಹನ್ನೊಂದು ಅಂಕಿಯೂ ಒಂದೇ.

ಮರುದಿನ ಬೆಳಿಗ್ಗೆ ಪ್ರತಿಭಾ ಪಿಎಫ್ ಕಚೇರಿಗೆ ಪತ್ರ ಬರೆದು, ರಸೀದಿಗಳ ಪ್ರತಿಯನ್ನು ಪಾಷಾ ಕೈಯಲ್ಲೇ ಕಳಿಸಿದಳು. ನವೆಂಬರ್ 28ರ ಶುಕ್ರವಾರ ಉತ್ತರ ಬಂತು. ಸದರಿ ಅವಧಿಯಲ್ಲಿ ಈ ಸಂಸ್ಥೆಯಿಂದ ಒಂದು ರೂಪಾಯಿಯೂ ಜಮೆಯಾಗಿಲ್ಲ. ರಸೀದಿಗಳು ಕಚೇರಿಯಿಂದ ಹೊರಟವಲ್ಲ. ಬಾಕಿ, ಬಡ್ಡಿ, ದಂಡದ ವಿಚಾರಣೆ ಪ್ರತ್ಯೇಕವಾಗಿ ಆರಂಭಿಸಲಾಗಿದೆ. ಪತ್ರದ ಜೊತೆ ಅಧಿಕಾರಿಯ ದೂರೂ ಇತ್ತು. ಅಂದು ಸಂಜೆ 5-30ಕ್ಕೆ ಎರಡನೆಯ ಎಫ್‌ಐಆರ್ ದಾಖಲಾಯಿತು. ನಂಬಿಕೆ ದ್ರೋಹ, ಸುಳ್ಳು ದಾಖಲೆ ಸೃಷ್ಟಿ. ಆರೋಪಿ ನಂದಕುಮಾರ್. ಮೊದಲ ಎಫ್‌ಐಆರ್‌ನಲ್ಲಿ ಅವನೇ ದೂರುದಾರ.

ನವೆಂಬರ್ 29, ಶನಿವಾರ, ಬೆಳಿಗ್ಗೆ 11. ನೋಟಿಸಿಗೆ ನಂದಕುಮಾರ್ ಹಾಜರಾದ.

"ಸಂಬಳದಲ್ಲಿ ಪಿಎಫ್ ಹಿಡಿದಿದ್ದೀರಾ?"

"ಹಿಡಿದಿದ್ದೀನಿ."

"ಕಟ್ಟಿದ್ದೀರಾ?"

"ಅದೆಲ್ಲ ಅಕೌಂಟೆಂಟ್ ಭೀಮರಾಜ್ ನೋಡ್ಕೋತಿದ್ದ. ಮೂರು ತಿಂಗಳ ಹಿಂದೆ ಕೆಲಸ ಬಿಟ್ಟು ಹೋದ. ಮೋಸ ಮಾಡಿದ್ದಾನೆ ಅಂತ ಈಗ ಗೊತ್ತಾಗ್ತಿದೆ."

"ಅವನು ಬಿಟ್ಟು ಮೂರು ತಿಂಗಳಾಯ್ತು. ಅಕ್ಟೋಬರ್ ರಸೀದಿ ಅಂಟಿಸಿದ್ದು ಯಾರು?"

ನಂದಕುಮಾರ್ ನೀರು ಕೇಳಿದ. ಕುಡಿದ. ವಕೀಲರನ್ನು ಕೇಳಿ ಹೇಳ್ತೀನಿ ಎಂದ. ಡಿಸೆಂಬರ್ 3ಕ್ಕೆ ಆಫೀಸಿನ ಕಂಪ್ಯೂಟರ್ ಸಮೇತ ಬರಬೇಕೆಂದು ಬರೆಸಿಕೊಂಡು ಪ್ರತಿಭಾ ಅವನನ್ನು ಕಳಿಸಿದಳು.

ಭೀಮರಾಜ್ ಸಿಕ್ಕಿದ್ದು ಡಿಸೆಂಬರ್ 1ರಂದು, ಯಲಹಂಕ ಹಳೇ ಊರಿನ ಒಂದು ಹಾರ್ಡ್‌ವೇರ್ ಅಂಗಡಿಯ ಗಲ್ಲಾದ ಹಿಂದೆ. ಪೊಲೀಸರನ್ನು ಕಂಡು ಅವನು ಓಡಲಿಲ್ಲ. ಅಂಗಡಿಯವನಿಗೆ ಹೇಳಿ ಹೊರಗೆ ಬಂದ.

"ಬರ್ತೀರಾ ಅಂತ ಗೊತ್ತಿತ್ತು ಮೇಡಂ."

"ರಸೀದಿ ಮಾಡಿದ್ದು ಯಾರು?"

"ನಾನೇ. ಹಳೇ ಅಸಲಿ ರಸೀದಿ ಒಂದಿತ್ತು. ಅದರ ಮೇಲೆ ತಿಂಗಳು, ತಾರೀಕು ಬದಲಾಯಿಸ್ತಿದ್ದೆ."

"ಯಾರು ಹೇಳಿದ್ದು?"

ಭೀಮರಾಜ್ ಫೋನು ತೆಗೆದು ತೋರಿಸಿದ. ನಂದಕುಮಾರನ ಮೆಸೇಜುಗಳು. 'ಈ ತಿಂಗಳೂ ಬೋರ್ಡಿಗೆ ಒಂದು ಹಾಕ್ಬಿಡು.' 'ಬೋರ್ಡ್ ಮರೀಬೇಡ.' ಹೀಗೇ ಎರಡು ವರ್ಷ.

"ಕೆಲಸ ಬಿಟ್ಟಿದ್ದೇಕೆ?"

"ಮುನಿಶಾಮಣ್ಣ ಬಂದು, ಲೆಕ್ಕ ಆಕಿ ಏಳಪ್ಪಾ, ನಂಗೆ ಅತ್ತು ವರ್ಸ ತುಂಬ್ತಾ ಅಂತ ಕೇಳಿದ್ರು. ತುಂಬಿದೆ ಅಂದೆ. ಅವತ್ತು ಮನೆಗೆ ಹೋದೋನು ಮತ್ತೆ ಹೋಗ್ಲಿಲ್ಲ. ನಾನು ಬಿಟ್ಟ ಮೇಲಿನವನ್ನ ನಂದಕುಮಾರ್ ಅವರೇ ಮಾಡಿರ್ಬೇಕು, ನನ್ನ ಕಂಪ್ಯೂಟರಲ್ಲೇ ಫೈಲ್ ಇತ್ತು." ಸ್ವಲ್ಪ ತಡೆದು, "ನನ್ನ ಪಿಎಫ್ಫೂ ಅದರಲ್ಲೇ ಹೋಗಿದೆ ಮೇಡಂ. ಕೇಸಲ್ಲಿ ನನ್ನ ಹೆಸರೂ ಬರುತ್ತಾ?"

"ಬರುತ್ತೆ."

ಅವನು ತಲೆಯಾಡಿಸಿ, ಹೇಳಿಕೆ ಕೊಡಲು ಜೀಪು ಹತ್ತಿದ.

ಡಿಸೆಂಬರ್ 2ರಂದು ಸಂಸ್ಥೆಯ ಬ್ಯಾಂಕ್ ಖಾತೆಯನ್ನು ತಡೆಹಿಡಿಸಲಾಯಿತು. ಜೊತೆಗೆ ತರಿಸಿದ ವಹಿವಾಟಿನ ವಿವರವನ್ನು ಪ್ರತಿಭಾ ಎರಡು ಸಲ ಓದಿದಳು. ಅವಳು ಹುಡುಕುತ್ತಿದ್ದುದು ಕಾರು, ಸೈಟು, ಒಡವೆ, ಜೂಜು. ಅಂಥದ್ದೇನೂ ಸಿಗಲಿಲ್ಲ. ಪ್ರತಿ ತಿಂಗಳು ಏಳನೇ ತಾರೀಕು ಹೆಂಗಸರ ಸಂಬಳ ಹೋಗಿತ್ತು. ಒಂದು ಸಲವೂ ಎಂಟನೇ ತಾರೀಕು ಆಗಿರಲಿಲ್ಲ. ಸಂಬಳ ಹೋದ ಮೇಲೆ ಖಾತೆಯಲ್ಲಿ ಉಳಿಯುತ್ತಿದ್ದುದು ಕರೆಂಟು ಬಿಲ್ಲಿಗೂ ಸಾಲದಷ್ಟು.

ಡಿಸೆಂಬರ್ 3ಕ್ಕೆ ನಂದಕುಮಾರ್ ಬರಲಿಲ್ಲ. 4ಕ್ಕೂ ಇಲ್ಲ. ಫೋನು ಸ್ವಿಚ್ ಆಫ್.

ಡಿಸೆಂಬರ್ 5, ಶುಕ್ರವಾರ, ಬೆಳಿಗ್ಗೆ 6-25. ಪ್ರತಿಭಾಳ ಫೋನಿಗೆ ಧನಲಕ್ಷ್ಮಿಯ ಕರೆ.

"ಮೇಡಂ, ಶೆಡ್ ಮುಂದೆ ಲಾರಿ ನಿಂತಿದೆ. ಮಿಷಿನ್ ಎಲ್ಲ ಏರಿಸ್ತಾವ್ರೆ. ಬೇಗ ಬನ್ನಿ ಮೇಡಂ, ನಮ್ಮ ಕೈಲಿ ತಡೆಯಾಕಾಗ್ತಿಲ್ಲ."

ಜೀಪು ಹೋಗುವಷ್ಟರಲ್ಲಿ ಲಾರಿಯ ಮುಂದೆ ಹತ್ತು ಹನ್ನೆರಡು ಹೆಂಗಸರು ರಸ್ತೆಯ ಮೇಲೇ ಕೂತಿದ್ದರು. ಡ್ರೈವರ್ ಇಂಜಿನ್ ಚಾಲೂ ಇಟ್ಟು ಹಾರನ್ ಹೊಡೆಯುತ್ತಿದ್ದ. ಅರ್ಧ ಯಂತ್ರಗಳು ಆಗಲೇ ಲಾರಿಯಲ್ಲಿದ್ದವು. ಆಫೀಸಿನ ಕಂಪ್ಯೂಟರೂ ಗೋಣಿಚೀಲದಲ್ಲಿ ಸುತ್ತಿಕೊಂಡು ಮೂಲೆ ಸೇರಿತ್ತು. ನಂದಕುಮಾರ್ ಗೇಟಿನ ಹತ್ತಿರ ನಿಂತಿದ್ದ. ಗಡ್ಡ ಬಿಟ್ಟಿದ್ದ. ಕಣ್ಣುಗಳು ಗುಳಿ ಬಿದ್ದಿದ್ದವು.

"ಎಲ್ಲಿಗೆ ಸಾಗಿಸ್ತಿದ್ದೀರಿ?"

"ಮಾರ್ತಿದ್ದೀನಿ. ಖಾತೆ ನೀವು ಹಿಡ್ಕೊಂಡಿದ್ದೀರಿ. ನಾಡಿದ್ದು ಏಳನೇ ತಾರೀಕು. ಸಂಬಳ ಎಲ್ಲಿಂದ ಕೊಡ್ಲಿ?"

"ಮಿಷಿನ್ ಮಾರಿದ್ರೆ ಎಂಟನೇ ತಾರೀಕು ಇವರು ಏನು ಮಾಡ್ತಾರೆ?"

ಅವನು ತಿರುಗಿ, ಇಂಜಿನ್ ನಿಲ್ಲಿಸುವಂತೆ ಡ್ರೈವರನಿಗೆ ಕೈ ಮಾಡಿದ.

ಪಂಚರ ಸಮ್ಮುಖದಲ್ಲಿ, ವಿಡಿಯೋ ಚಿತ್ರೀಕರಣದೊಂದಿಗೆ, 7-15ರಿಂದ 9-40ರವರೆಗೆ ಪಂಚನಾಮೆ ನಡೆಯಿತು. ಕಂಪ್ಯೂಟರಿನಲ್ಲಿ ರಸೀದಿಯ ಮೂಲ ಫೈಲು ಸಿಕ್ಕಿತು. ಸಾಕ್ಷ್ಯ ಸಾಗಿಸಲು ಯತ್ನ, ನೋಟಿಸಿಗೆ ಗೈರುಹಾಜರಿ. ಈ ಕಾರಣಗಳನ್ನು ಬರೆದು, 9-50ಕ್ಕೆ ನಂದಕುಮಾರನನ್ನು ಬಂಧಿಸಲಾಯಿತು. ಜೀಪು ಹತ್ತುವಾಗ ಯಾರೂ ಬೈಯಲಿಲ್ಲ. ಒಬ್ಬ ಹೆಂಗಸು ಮಾತ್ರ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅತ್ತದ್ದು ಅವನಿಗಾಗಿಯೋ ತನಗಾಗಿಯೋ, ಪ್ರತಿಭಾಗೆ ತಿಳಿಯಲಿಲ್ಲ.

ಮಧ್ಯಾಹ್ನ ಅವನು ತಾನಾಗಿಯೇ ಹೇಳಿಕೆ ಕೊಟ್ಟ. 2022ರಲ್ಲಿ ಒಂದು ಶಾಲೆಯಿಂದ ಬರಬೇಕಿದ್ದ ಹಣ ತಡವಾಗಿ, ಏಳು ತಿಂಗಳ ಪಿಎಫ್ ತಡವಾಗಿ ಕಟ್ಟಿದ್ದ. ಮರುವರ್ಷ ಅದಕ್ಕೆ ಬಡ್ಡಿ, ದಂಡದ ಆದೇಶ ಬಂತು. ಹೆಂಡತಿಯ ಸರ ಅಡ ಇಟ್ಟು ಕಟ್ಟಿದ. ಮುಂದಿನ ತಿಂಗಳು ಸಂಬಳಕ್ಕೆ ಕಡಿಮೆ ಬಿತ್ತು. ಹಿಡಿದಿಟ್ಟಿದ್ದ ಪಿಎಫ್ ಹಣವನ್ನೇ ಸಂಬಳಕ್ಕೆ ಹಾಕಿದ.

"ಒಂದೇ ತಿಂಗಳು ಅಂದ್ಕೊಂಡೆ ಮೇಡಂ. ತಡವಾಗಿ ಕಟ್ಟಿದ್ರೆ ದಂಡ ಹಾಕ್ತಾರೆ, ಅದನ್ನ ಕಂಡಿದ್ದೆ. ಕಟ್ಟದೇ ಹೋದ್ರೆ ಯಾರಿಗೂ ಗೊತ್ತಾಗಲ್ಲ ಅನ್ನಿಸ್ತು. ಸಂಬಳ ಒಂದು ದಿನ ತಡ ಆದ್ರೆ ಸಾಕು, ಇವ್ರೆಲ್ಲ ಪೀಣ್ಯದ ಗಾರ್ಮೆಂಟ್ಸಿಗೆ ಹೋಗ್ಬಿಡ್ತಾರೆ. ಶೆಡ್ ಮುಚ್ಚಿದ್ರೆ ನಾನು ಯಾರು?"

"ಮುನಿಶಾಮಿ ನಿಮ್ಮ ಹತ್ರ ಬಂದು ಕೇಳಿದಾಗ ಹೇಳ್ಬಹುದಿತ್ತಲ್ಲ?"

"ಅವರ ಮುಖ ನೋಡಿ ಹೇಳೋಕಾಗ್ಲಿಲ್ಲ. ಅದಕ್ಕೇ ಪೊಲೀಸ್ರನ್ನ ಕರೆದೆ."

ಬರೆದುಕೊಳ್ಳುತ್ತಿದ್ದ ಪಾಷಾ ಪೆನ್ನು ನಿಲ್ಲಿಸಿ ತಲೆಯೆತ್ತಿದ. ಪ್ರತಿಭಾ "ಬರೀರಿ" ಎಂದಳು.

ಸಂಜೆ ಮುನಿಶಾಮಿಯನ್ನು ಠಾಣೆಗೆ ಕರೆಸಿದಳು. ಅವನ ಮೇಲಿನ ಕೇಸು ಕೋರ್ಟಿಗೆ ಹೋಗುತ್ತದೆ, ನಂದಕುಮಾರ್ ರಾಜಿಗೆ ಒಪ್ಪಿದ್ದಾನೆ, ಅಲ್ಲೇ ಮುಗಿಯಬಹುದು ಎಂದಳು. ಪಿಂಚಣಿಯ ಮಾತು ಬಂದಾಗ ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಪಿಎಫ್‌ನವರು ಶೆಡ್ಡು, ಮಿಷಿನ್ ಜಪ್ತಿ ಮಾಡಿ ಹರಾಜು ಹಾಕ್ತಾರೆ. ಆ ದುಡ್ಡು ಬಂದ ಮೇಲೆ ನಿಮ್ಮ ಬಾಕಿ ತಿಂಗಳುಗಳು ದಾಖಲೆಗೆ ಸೇರುತ್ತವೆ. ವರ್ಷ ಆಗ್ಬಹುದು. ಜಾಸ್ತೀನೂ ಆಗ್ಬಹುದು ಯಜಮಾನ್ರೆ."

ಮುನಿಶಾಮಿ ನಂದಕುಮಾರ್ ಇದ್ದ ಲಾಕಪ್ಪಿನ ಕಡೆ ನೋಡಲಿಲ್ಲ. ಎರಡೂ ಅಂಗೈಗಳನ್ನು ಮುಂದೆ ಚಾಚಿ, ಬೆರಳು ಬಿಡಿಸಿ ನೋಡಿಕೊಂಡ.

"ಪೀಣ್ಯದಾಗೆ ಒಂದ್ ಕಡೆ ಕಟಿಂಗ್ ಮಾಸ್ಟರ್ ಬೇಕು ಅಂದವ್ರೆ ತಾಯಿ. ನಾಳೆ ಓಗಿ ಕೇಳ್ತೀನಿ. ಪಿಂಚಣಿ ಬರೋಗಂಟ ಕೈ ನಡುಗ್ದಿದ್ರೆ ಸಾಕು."