ಎಳೆಯಬೇಡಿ ಅಂದರೆ ಎಳೆಯಬೇಡಿ

ಕಯಾಕ್ ಮಗುಚಿತು. ಡಾಕ್ಟರಮ್ಮ ನೀರಿನಿಂದ ತಲೆಯೆತ್ತಿ ಹುಟ್ಟನ್ನು ಹುಡುಕುವಷ್ಟರಲ್ಲಿ ಯಾರೋ ಅವಳ ಲೈಫ್ ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದರು. ಯಾರೋ ಏನು, ಅವನೇ. ದೋಣಿ ನಡೆಸಲು ಕಲಿಸುವವನು.

"ನಾನು ಕರೆದ್ನಾ?" ಎಂದಳು, ಉಪ್ಪುನೀರು ಉಗುಳುತ್ತ.

"ಇಲ್ಲ."

"ಮತ್ತೆ?"

ಅವನು ಒದ್ದೆ ರೆಪ್ಪೆಗಳನ್ನು ಪಿಳಿಪಿಳಿ ಬಡಿದು, ಬೆಲ್ಲ ಕದ್ದು ಸಿಕ್ಕಿಬಿದ್ದವನಂತೆ ನಕ್ಕ. ನಗು ಚೆನ್ನಾಗಿತ್ತು. ಅದೇ ಅವಳ ಸಿಟ್ಟನ್ನು ನೆತ್ತಿಗೇರಿಸಿತು.

ಅವಳು ಹಲ್ಲಿನ ಡಾಕ್ಟರು. ಕೊಲ್ಲಿಯಾಚೆಯ ದ್ವೀಪದಲ್ಲಿ ವಾರಕ್ಕೊಮ್ಮೆ ರೋಗಿಗಳನ್ನು ನೋಡಲು ಒಪ್ಪಿಕೊಂಡಿದ್ದಳು. ಅಷ್ಟರಲ್ಲಿ ಲಾಂಚ್ ಓಡಾಟ ನಿಂತುಹೋಯಿತು. ಮೂರನೇ ಮಹಡಿಯ ಮನೆಯಲ್ಲಿ ದೋಣಿಗೆ ಜಾಗವೆಲ್ಲಿ? ಅದಕ್ಕೇ ಮಡಚುವ ಕಯಾಕ್ ಕೊಂಡಳು. ಅಲ್ಯೂಮಿನಿಯಂ ಎಲುಬು, ಮೇಲೆ ದಪ್ಪ ಬಟ್ಟೆಯ ಚರ್ಮ, ಬಿಚ್ಚಿದರೆ ಮಂಚದಡಿ ಸೇರುವ ಚೀಲ.

ಒಳಗೆ ಅಡ್ಡಗೋಡೆಗಳಿಲ್ಲದ ದೋಣಿ ಅದು, ಮಗುಚಿದರೆ ಬಿಂದಿಗೆಯಂತೆ ನೀರು ತುಂಬಿಕೊಳ್ಳುತ್ತದೆ ಎಂದು ಮೊದಲ ದಿನವೇ ಹೇಳಿದ್ದವನು ಅವನು. ಎರಡೂ ತುದಿಗಳಿಗೆ ಗಾಳಿಚೀಲ ತುರುಕಿಸಿದ್ದ. ಒಂಟಿಯಾಗಿ ಮತ್ತೆ ಹತ್ತುವ ವಿದ್ಯೆ ಬಾರದೆ ದಡ ಬಿಡಬಾರದು ಎಂದಿದ್ದ. ಆದರೆ ಹತ್ತಲು ಬಿಟ್ಟರೆ ತಾನೇ? ಅವಳು ಬಿದ್ದಾಗಲೆಲ್ಲ ಅವನ ಕೈ ಮುಂದೆ ಬರುತ್ತಿತ್ತು.

ಮನೆಯಲ್ಲಿ ಅಕ್ಕನೆದುರು ಗೊಣಗಿದರೆ, ಊರವರ ಹಲ್ಲೆಲ್ಲ ಕೀಳುವವಳಿಗೆ ಒಬ್ಬನ ಕೈ ಕಿತ್ತು ಹಾಕಲಾಗಲಿಲ್ಲವೇ ಎಂದು ಅಕ್ಕ ನಕ್ಕುಬಿಟ್ಟಳು.

ಮರುದಿನ ಬೆಳಗ್ಗೆ ಡಾಕ್ಟರಮ್ಮ ಷರತ್ತು ಹಾಕಿದಳು. ಅವನು ತನ್ನ ದೋಣಿಯಲ್ಲಿ ಕೈ ಕಟ್ಟಿ ಕೂತಿರಬೇಕು. ಅವಳಾಗಿ ಕರೆದರೆ ಮಾತ್ರ ಹತ್ತಿರ ಬರಬೇಕು. ಇಲ್ಲವಾದರೆ ಬೇರೆ ಮೇಷ್ಟ್ರನ್ನು ನೋಡಿಕೊಳ್ಳುತ್ತಾಳೆ. ಅವನು ತಲೆಯಾಡಿಸಿದ, ಇಷ್ಟವಿಲ್ಲದ ಕಷಾಯ ಕುಡಿದವನಂತೆ.

ಗಾಳಿ ಎದ್ದಿತ್ತು. ಅವಳು ಬೇಕೆಂದೇ ಮಗುಚಿದಳು. ಮೇಲೆ ಬಂದು ದೋಣಿಯನ್ನು ನೆಟ್ಟಗೆ ಮಾಡಿದಳು. ಹುಟ್ಟಿನ ತುದಿಗೆ ಪುಟ್ಟ ಗಾಳಿದಿಂಬು ಸಿಕ್ಕಿಸಿ ಊದಿ, ದಿಂಬು ಪಕ್ಕದಲ್ಲಿ ತೇಲುತ್ತ ಆಸರೆಯಾಗುವಂತೆ ಹುಟ್ಟನ್ನು ಸೀಟಿನ ಹಿಂದೆ ಅಡ್ಡಲಾಗಿ ಇಟ್ಟು, ಹೊಟ್ಟೆ ಊರಿ ದೋಣಿ ಹತ್ತಿದಳು. ಅಲೆಯೊಂದು ಬಂತು. ಜಾರಿ ದೊಪ್ಪನೆ ಬಿದ್ದಳು.

ತಿರುಗಿ ನೋಡಿದಳು. ಅವನು ಕೈ ಕಟ್ಟಿಯೇ ಇದ್ದ. ಬೆರಳುಗಳು ತೋಳಿಗೆ ಕಚ್ಚಿಕೊಂಡಿದ್ದವು, ಮುಖ ಸುಣ್ಣದಂತಾಗಿತ್ತು. ಇಷ್ಟು ದಿನ ಇವನು ತನ್ನನ್ನು ಕೈಲಾಗದವಳೆಂದು ಎಣಿಸಿದ್ದಾನೆ ಎಂದುಕೊಂಡಿದ್ದಳು. ಆ ಮುಖದಲ್ಲಿದ್ದದ್ದು ಅದಲ್ಲ.

ಮತ್ತೆ ಹತ್ತಿದಳು. ಈ ಸಲ ಆತುರಪಡದೆ ಒಂದು ಕಾಲು ಹುಟ್ಟಿನ ಮೇಲೆ ಊರಿ, ಮೈ ಚಪ್ಪಟೆ ಮಾಡಿ, ಕಾಲುಗಳನ್ನು ಒಳಗೆ ತೂರಿಸಿ ನಿಧಾನವಾಗಿ ಹೊರಳಿದಳು. ಕೂತಳು! ಸೊಂಟದವರೆಗೆ ನೀರು. ನೀರೆತ್ತುವ ಕೈಪಂಪ್ ಹಿಡಿದು ತೋಳು ಸೋಲುವವರೆಗೂ ಎತ್ತಿ ಎತ್ತಿ ಚೆಲ್ಲಿದಳು.

"ಈಗ ಹೇಳಿ," ಎಂದಳು ಏದುಸಿರು ಬಿಡುತ್ತ. "ನನಗೆ ಬರಲ್ಲ ಅಂತಾನಾ ಎಳೀತಿದ್ದದ್ದು?"

"ಬರುತ್ತೆ ಅಂತ ಗೊತ್ತಿತ್ತು." ಎಂದ ಅವನು. "ನೀವು ನೀರೊಳಗಿದ್ರೆ ನನಗೆ ಉಸಿರು ಕಟ್ಟುತ್ತೆ. ಬೇರೆ ಯಾರು ಬಿದ್ರೂ ಹಾಗಾಗಲ್ಲ. ನಾನೇನ್ ಮಾಡ್ಲಿ?"

ಅಲೆ ಎರಡೂ ದೋಣಿಗಳನ್ನು ಹತ್ತಿರ ತಂದಿತು. ಸಿಟ್ಟು ಎಲ್ಲಿಟ್ಟೆನೆಂದು ಅವಳು ಹುಡುಕಿದಳು, ಸಿಗಲಿಲ್ಲ. ಸುಮ್ಮನೆ ಕೈ ಚಾಚಿದಳು.

ಅವನು ಆ ಕೈಯನ್ನು ನೋಡಿದ, ಅವಳನ್ನು ನೋಡಿದ, ಕಟ್ಟಿದ ಕೈಗಳನ್ನು ಇನ್ನೂ ಬಿಗಿ ಮಾಡಿದ. "ಪರೀಕ್ಷೆನಾ?"

"ಅಯ್ಯೋ ದೇವರೇ," ಎಂದಳು ಅವಳು. "ಕರೀತಿದೀನಿ ಕಣ್ರೀ. ಹಿಡ್ಕೊಳ್ಳಿ."