ಖಾಲಿ ಬಿಟ್ಟ ಚರಣ

ನಾನು ಕೀಬೋರ್ಡ್ ನುಡಿಸುವವನು. ಕಿವಿ ಇನ್ನೂ ಗಟ್ಟಿ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇಪ್ಪತ್ತೆರಡು ವರ್ಷಗಳ ಮೇಲೆ ನಮ್ಮ ಪಾಪ್ ಬ್ಯಾಂಡ್ ಮತ್ತೆ ಕೂಡಿ, ಮಿರಜ ಹತ್ತಿರದ ಕುಪವಾಡದ ಒಂದು ಸ್ಟುಡಿಯೋದಲ್ಲಿ ಹೊಸ ಆಲ್ಬಮ್ ಮಾಡುತ್ತಿತ್ತು. ಗಾಯಕ ಭರತೇಶನಿಗೆ ಗಂಟಲಿನ ಕ್ಯಾನ್ಸರ್ ಆಪರೇಶನ್ ಆದಮೇಲೆ ದನಿಯೇ ಉಳಿದಿರಲಿಲ್ಲ. ಆದರೂ ಒಂದು ಹಾಡಿನಲ್ಲಿ ಅವನ ಚರಣವನ್ನು ಬೇರೆಯವರಿಂದ ಹಾಡಿಸಲು ಮನಸ್ಸಾಗದೆ ಖಾಲಿ ಬಿಟ್ಟಿದ್ದೆವು. ಆ ಮಧ್ಯಾಹ್ನ ಅವನೂ ಬಂದ, ಕತ್ತಿಗೆ ಮಫ್ಲರ್ ಸುತ್ತಿ, ಬರೆದು ಮಾತಾಡುವ ಪಾಟಿ ಹಿಡಿದು.

ಮೂಲೆಯಲ್ಲಿ ಮಿರಜಿನ ಸಿತಾರಿತ್ತು. ಅದರ ಕೆಳಗಿನ ತರಫ್ ತಂತಿಗಳನ್ನು ಯಾರೂ ಮೀಟುವುದಿಲ್ಲ. ಹತ್ತಿರ ಯಾರಾದರೂ ಅವುಗಳಿಗೆ ಕೂಡಿಸಿದ ಸ್ವರ ಹಾಡಿದರೆ ತಾವಾಗಿಯೇ ಮಿಡಿಯುತ್ತವೆ.

ಅಲ್ಲಿಯವರೆಗೆ ರೆಕಾರ್ಡ್ ಆಗಿದ್ದ ಹಾಡನ್ನು ಹಾಕಿದೆವು. ಖಾಲಿ ಚರಣ ಬಂದಾಗ ಭರತೇಶ ಸುಮ್ಮನೆ ತುಟಿ ಅಲ್ಲಾಡಿಸಿದ. ತಂತಿಗಳು ಅವನ ಧಾಟಿಯನ್ನು ನುಡಿದವು.

“ಭರತ್ಯಾ, ನೀ ಹಾಡಾಕತ್ತಿಯಲ್ಲೋ!” ಎಂದು ಡ್ರಮ್ಮಿನ ಸಾರಂಗ ಅತ್ತೇಬಿಟ್ಟ.

ಭರತೇಶ ಗಾಬರಿಯಿಂದ ಬಾಯಿ ಮುಚ್ಚಿದ. ತಂತಿಗಳು ನಿಲ್ಲಲಿಲ್ಲ. ಎರಡನೇ ಚರಣಕ್ಕೆ ಹೋದವು. ಅದಕ್ಕೆ ನಾವಿನ್ನೂ ಧಾಟಿಯನ್ನೇ ಕೂಡಿಸಿರಲಿಲ್ಲ. ನಾನು ಅಂಗೈಯಿಂದ ಒತ್ತಿ ಹಿಡಿದೆ. ತಂತಿ ಉಸಿರಿನಷ್ಟು ಬೆಚ್ಚಗಿತ್ತು, ಅಡಗಲಿಲ್ಲ.

ಭರತೇಶ ಪಾಟಿಯ ಮೇಲೆ ಬರೆದು ನಮ್ಮತ್ತ ತಿರುಗಿಸಿದ: “ನಾ ಬಾಯಿ ಮುಚ್ಚೇನಿ. ಅದನ್ನ ಯಾರರ ನಿಲ್ಲಸ್ರಿ.”