ಕಳ್ಳನ ಬೀಗ

“ತಾಳೋ, ತಾಳೋ! ಮಂತ್ರ ಹಾಕ್ತೀನಿ!” ಸಿಗ್ರಿಡ್ ತಮ್ಮನ ಕೈ ಹಿಡಿದಳು. ಎಮಿಲ್ ಇನ್ನೇನು ದಾಳ ಎಸೆಯುವುದರಲ್ಲಿದ್ದ.

“ಬರೀ ಹಗ್ಗ ಹತ್ತೋದು ಕಣೇ ಅಕ್ಕ!”

“ಬಿದ್ರೆ? ‘ದಾರಿ ತೋರು!’”

ದಾಳ ಎಸೆಯುತ್ತ ಕತೆ ಮುಂದುವರಿಸುವ ಆ ಆಟದಲ್ಲಿ ಅವಳು ಮಂತ್ರ ಬಲ್ಲ ಪೂಜಾರಿಣಿ, ಎಮಿಲ್ ಕಳ್ಳ. ಅವಳು ಮಂತ್ರ ಹೇಳಿದರೆ ಅವನ ಇಪ್ಪತ್ತು ಮುಖದ ದಾಳಕ್ಕೆ ಇನ್ನೊಂದು ಪುಟ್ಟ ದಾಳದ ಅಂಕಿಯೂ ಸೇರುತ್ತಿತ್ತು. ಹಗ್ಗಕ್ಕೂ ಮಂತ್ರ, ಗೋಡೆಗೂ ಮಂತ್ರ. ಪಾಪ, ಕಳ್ಳ ಕಿಂಡಿಯಲ್ಲಿ ಇಣುಕಿದರೂ ಮಂತ್ರ!

“ಅವ್ನು ಸೀನಿದ್ರೂ ಹಾಕ್ತೀಯೇನೇ?” ಎಂದಳು ಡೆಲ್ಲಾ. ಅವಳು ಇವರ ದೊಡ್ಡಪ್ಪನ ಮಗಳು. ಕತೆ ನಡೆಸುವವಳು ಅವಳೇ, ಆಟವೂ ಅವಳ ಮನೆಯ ನೆಲಮಾಳಿಗೆಯಲ್ಲೇ. ಅಲ್ಲಿನ ಕಿಟಕಿಯನ್ನು ಹಿಮ ಅರ್ಧ ಮುಚ್ಚಿತ್ತು.

ಡೆಲ್ಲಾ ದನಿ ತಗ್ಗಿಸಿದಳು. “ನೀವಿರೋ ಸುರಂಗದ ಆ ತುದಿಯಿಂದ ಯಾರೋ ತಿರುಗಿ ಅಂತಾರೆ... ‘ದಾರಿ ತೋರು.’”

“ಯಾರು?”

“ಗೊತ್ತಿಲ್ಲ. ದನಿ ಮಾತ್ರ ನಿಂದೇ.”

ಸಿಗ್ರಿಡ್ ನಕ್ಕುಬಿಟ್ಟಳು. ಮುಂದಿನ ಗೋಡೆಗೆ ಮತ್ತೆ ಮಂತ್ರ ಹೇಳಿದಳು. ಈ ಸಲ ದನಿ ಹತ್ತಿರದಿಂದ ಬಂತು. ಹಿಂದೆಯೇ ಏನೋ ತೆವಳುವ ಸದ್ದು. ಡೆಲ್ಲಾ ಮೇಜನ್ನು ಉಗುರಿನಿಂದ ಕೆರೆಯುತ್ತಿದ್ದಳು, ಅಷ್ಟೇ. ಆದರೆ ಅದೇ ಹೊತ್ತಿಗೆ ಮೂಲೆಯ ಹೀಟರ್ ತಾನಾಗಿ ನಿಂತಿತು. ಸಿಗ್ರಿಡ್ ಎಮಿಲ್‌ನತ್ತ ಸರಿದು ಕೂತಳು.

“ಮಂತ್ರ ಬಾಯಿಬಿಟ್ಟು ಹೇಳ್ಲೇಬೇಕಲ್ಲ?” ಎಂದಳು ಡೆಲ್ಲಾ. “ಅದು ಸದ್ದು ಕೇಳ್ಕೊಂಡೇ ಬರ್ತಿದೆ. ಮುಂದೆ ಬೀಗ ಹಾಕಿದ ಬಾಗಿಲು. ಎಮಿಲ್, ಹನ್ನೆರಡಾದ್ರೂ ಬೀಳದಿದ್ರೆ ನಿನ್ನ ಕಳ್ಳ ಸತ್ತ ಅಂತ್ಲೇ ಲೆಕ್ಕ.”

ಬೇಸಿಗೆಯಿಂದ ಆಡಿಸಿದ ಕಳ್ಳ! ಅವನ ಚಿತ್ರವನ್ನೂ, ಹರಕು ಟೋಪಿ ಸಮೇತ, ಎಮಿಲ್ ತಾನೇ ಬರೆದಿದ್ದ. ಸಿಗ್ರಿಡ್ ಬಾಯಿ ತೆರೆದಳು.

“ಬೇಡ ಅಕ್ಕ,” ಎಂದು ಎಮಿಲ್ ಪಿಸುಗುಟ್ಟಿದ. “ಒಂದ್ಸಲ ನಾನೇ ಮಾಡ್ತೀನಿ. ನೀನು ಬಿಡೋದೇ ಇಲ್ಲ.”

ಸಿಗ್ರಿಡ್ ಪುಟ್ಟ ದಾಳವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಅದರ ಮೊನೆ ಅಂಗೈಗೆ ಚುಚ್ಚಿತು.

ಎಮಿಲ್‌ನ ದಾಳ ಉರುಳಿ ನಿಂತಿತು. ಹನ್ನೊಂದು.

ಅಯ್ಯೋ, ಒಂದೇ ಒಂದು ಕಡಿಮೆ! ಆದರೂ ಪುಟ್ಟ ದಾಳ ಅವಳ ಮುಷ್ಟಿಯಲ್ಲೇ ಉಳಿಯಿತು.

“ನನ್ ಕಳ್ಳನ ಲಾಂದ್ರ ಎಸೀತೀನಿ!” ಎಮಿಲ್ ಎದ್ದೇ ನಿಂತ. “ಸುರಂಗದ ಆಚೆ ಕಡೆಗೆ! ಠಣ್ ಅಂತ ಬೀಳುತ್ತೆ. ಅದು ಸದ್ದಿನ ಹಿಂದೆ ಹೋಗುತ್ತೆ!”

ಡೆಲ್ಲಾ ಅವನನ್ನೇ ನೋಡಿದಳು. “...ಅದು ಆ ಕಡೆ ಹೋಯ್ತು ಕಣೋ. ಕತ್ತಲಲ್ಲೇ ಬೀಗ ತೆಗಿ.”

ಸಂಜೆ ಮನೆಗೆ ಹೊರಟಾಗ ಡೆಲ್ಲಾಳ ಮನೆ ಮುಂದಿನ ಮೆಟ್ಟಿಲಿಗೆಲ್ಲ ಮಂಜುಗಡ್ಡೆ ಕಟ್ಟಿತ್ತು. ಹಿಂದೆ, ಮನೆಯೊಳಗೆ, ನೆಲಮಾಳಿಗೆಯ ಬಾಗಿಲು ಕಿರ್ರೆಂದಿತು. ಇಬ್ಬರೂ ತಿರುಗಿ ನೋಡಲಿಲ್ಲ. ಎಮಿಲ್ ಮುಂದೆ ಇಳಿದ. “ಹುಷಾರು” ಎನ್ನಲು ಸಿಗ್ರಿಡ್ ಬಾಯಿ ತೆರೆದಳು, ಹಾಗೇ ಮುಚ್ಚಿಕೊಂಡಳು.

ಅವನು ಕೆಳಗೆ ತಲುಪಿ ತಿರುಗಿದ. “ಕೊನೇದು ಜಾರುತ್ತೆ ಅಕ್ಕ. ಕೈ ಕೊಡು.”

ಅವಳು ಕೊಟ್ಟಳು.